ಬೆವರು ಆರಿಸುವ ಫ್ಯಾನ್ ಅಂಗಿ

ಬಿಸಿಲಿನಲ್ಲಿ ದುಡಿಯುವವರ ದೇಹದ ಶಾಖ ಹೊರಹೋಗಲು ಬೆವರೇ ಮುಖ್ಯ ದಾರಿ. ಒಂದು ಲೀಟರ್ ಬೆವರು ಮೈಮೇಲೆ ಆವಿಯಾದರೆ ಸುಮಾರು 580 ಕಿಲೋಕ್ಯಾಲೊರಿ ಶಾಖ ಹೊರಹೋಗುತ್ತದೆ. ಹನಿಯಾಗಿ ನೆಲಕ್ಕೆ ಬಿದ್ದ ಬೆವರಿನಿಂದ ಈ ಪ್ರಯೋಜನವಿಲ್ಲ. ಬೆವರು ಮೈಮೇಲೆಯೇ ಬೇಗ ಆರಲೆಂದು ಜಪಾನಿನಲ್ಲಿ ಫ್ಯಾನ್ ಜೋಡಿಸಿದ ಅಂಗಿಯನ್ನು ರೂಪಿಸಲಾಯಿತು. ಇಚಿಗಾಯಾ ಹಿರೋಶಿ ಎಂಬ ಎಂಜಿನಿಯರ್ ಇದಕ್ಕಾಗಿ 2004ರಲ್ಲಿ ಕಂಪನಿಯನ್ನು ಸ್ಥಾಪಿಸಿದರು. ಇಂದು ಅಲ್ಲಿನ ಕಟ್ಟಡ ಕೆಲಸಗಾರರೂ ರೈತರೂ ಬೇಸಿಗೆಯಲ್ಲಿ ಇಂತಹ ಅಂಗಿ ಧರಿಸುತ್ತಾರೆ.

ಕೆಲಸ ಮಾಡುವ ರೀತಿ

ಅಂಗಿಯ ಹಿಂಬದಿಯಲ್ಲಿ, ಸೊಂಟದ ಎಡಕ್ಕೂ ಬಲಕ್ಕೂ ಒಂದೊಂದು ಚಿಕ್ಕ ಫ್ಯಾನ್ ಇರುತ್ತದೆ. ಇವು ಹೊರಗಿನ ಗಾಳಿಯನ್ನು ಒಳಕ್ಕೆ ಎಳೆಯುತ್ತವೆ. ಗಾಳಿ ಮೈಯ ಮೇಲೆ ಹಾದು ಕೊರಳು ಮತ್ತು ತೋಳಿನ ತುದಿಯಿಂದ ಹೊರಬೀಳುತ್ತದೆ. ಜೇಬಿನಲ್ಲಿರುವ ಬ್ಯಾಟರಿಯನ್ನು ಮತ್ತೆ ಮತ್ತೆ ಚಾರ್ಜ್ ಮಾಡಿ ಬಳಸಬಹುದು. ಈ ಅಂಗಿ ಗಾಳಿಯನ್ನು ತಂಪು ಮಾಡುವುದಿಲ್ಲ, ಬೆವರನ್ನು ಆರಿಸುತ್ತದೆ ಅಷ್ಟೆ.

ಅಂಗಿ ಹೇಗಿರಬೇಕು?

1. ಗಾಳಿ ಸೋರದಂತೆ ಬಟ್ಟೆಯ ನೇಯ್ಗೆ ಒತ್ತಾಗಿರಬೇಕು. ಸೊಂಟದ ಅಂಚಿಗೆ ಎಲಾಸ್ಟಿಕ್ ಇರಬೇಕು.
2. ಗಾಳಿ ಆಡಲು ಅಂಗಿ ಸ್ವಲ್ಪ ಸಡಿಲವಾಗಿರಬೇಕು. ಒಳಗೆ ಬೆವರು ಹೀರುವ ತೆಳು ಬನಿಯನ್ ಧರಿಸಬೇಕು.
3. ಬಗ್ಗಿ ಕಳೆ ಕೀಳುವಾಗ ಫ್ಯಾನ್, ತಂತಿ, ಬ್ಯಾಟರಿ ಮೈಗೆ ಒತ್ತಬಾರದು.
4. ಒಗೆಯುವ ಮುಂಚೆ ಇವೆಲ್ಲವನ್ನೂ ಬಿಚ್ಚಿ ತೆಗೆಯುವಂತಿರಬೇಕು.

ಎಚ್ಚರಿಕೆ

ಕೀಟನಾಶಕ ಸಿಂಪಡಿಸುವಾಗ ಈ ಅಂಗಿಯನ್ನು ಧರಿಸಲೇಬಾರದು. ಫ್ಯಾನು ವಿಷದ ತುಂತುರನ್ನು ಒಳಗೆಳೆದು ಒದ್ದೆ ಚರ್ಮದ ಮೇಲೆ ಹರಡುತ್ತದೆ. ಒಕ್ಕಣೆಯ ಧೂಳಿನಲ್ಲಿಯೂ ಬೆಂಕಿಯ ಕಿಡಿ ಹಾರುವಲ್ಲಿಯೂ ಇದು ತರವಲ್ಲ. ಬೆನ್ನಿಗೆ ಹೊರೆ ಕಟ್ಟಿಕೊಂಡರೆ ಗಾಳಿಯ ದಾರಿ ಮುಚ್ಚುತ್ತದೆ.

ಕರಾವಳಿಯಂತಹ ತೇವದ ಹವೆಯಲ್ಲಿ ಬೆವರು ನಿಧಾನವಾಗಿ ಆರುವುದರಿಂದ ಪ್ರಯೋಜನ ಕಡಿಮೆ. ಕಲಬುರಗಿ, ರಾಯಚೂರುಗಳ ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಹೊರಗಿನ ಗಾಳಿ ಚರ್ಮಕ್ಕಿಂತ ಬಿಸಿಯಾಗಿರುತ್ತದೆ. ಆಗ ಮೈಯಲ್ಲಿ ಬೆವರಿದ್ದರೆ ಮಾತ್ರ ಫ್ಯಾನಿನಿಂದ ಅನುಕೂಲ. ನೀರು ಕುಡಿಯದೆ ಬೆವರು ಕಡಿಮೆಯಾದರೆ ಅದೇ ಗಾಳಿ ಮೈಯನ್ನು ಇನ್ನಷ್ಟು ಕಾಯಿಸುತ್ತದೆ.

ಆದ್ದರಿಂದ ಈ ಅಂಗಿ ತೊಟ್ಟವರು ಕೂಡ ಆಗಾಗ ನೀರು ಕುಡಿಯಬೇಕು, ನೆರಳಿನಲ್ಲಿ ವಿಶ್ರಮಿಸಬೇಕು, ನಡುಹಗಲಿನ ಕೆಲಸವನ್ನು ಬೆಳಿಗ್ಗೆಗೋ ಸಂಜೆಗೋ ಹಾಕಿಕೊಳ್ಳಬೇಕು. ತಲೆಸುತ್ತು, ವಾಕರಿಕೆ ಕಂಡರೆ ಕೂಡಲೇ ಕೆಲಸ ನಿಲ್ಲಿಸಿ, ಮೈಗೆ ತಣ್ಣೀರು ಹಾಕಿ ಗಾಳಿ ಬೀಸಬೇಕು. ಪ್ರಜ್ಞೆ ಮಸುಕಾದರೆ ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು.