ಫ್ರಿಡ್ಜ್ ತಣ್ಣಗಾಗುತ್ತಿಲ್ಲವೇ? ಕಂಪ್ರೆಸರ್ ಬದಲಿಸುವ ಮುನ್ನ ಇಷ್ಟು ಪರೀಕ್ಷಿಸಿ

ಫ್ರಿಡ್ಜ್ ಒಳಗೆ ದೀಪ ಉರಿಯುತ್ತಿದೆ, ಆದರೆ ಇಟ್ಟ ಹಾಲು ಒಡೆಯುತ್ತಿದೆ. ಇಂಥ ಸಂದರ್ಭದಲ್ಲಿ ನೋಡಿದ ಕೂಡಲೇ ‘ಕಂಪ್ರೆಸರ್ ಹೋಗಿದೆ’ ಎನ್ನುವ ಮೆಕ್ಯಾನಿಕ್‌ಗಳಿದ್ದಾರೆ. ಅದನ್ನು ಬದಲಿಸಲು ಸಾವಿರಾರು ರೂಪಾಯಿ ಬೇಕು. ಎಷ್ಟೋ ಬಾರಿ ಕೆಟ್ಟಿರುವುದು ಕೆಲವು ನೂರು ರೂಪಾಯಿಯ ರಿಲೇ ಮಾತ್ರ.

‘ಟಕ್’ ಸದ್ದು ಬರುತ್ತಿದೆಯೇ?

ಹಿಂಭಾಗದಲ್ಲಿ ಕೆಲ ನಿಮಿಷಕ್ಕೊಮ್ಮೆ ‘ಟಕ್’ ಎಂದು ಕೇಳಿಸಿದರೆ, ಕಂಪ್ರೆಸರ್ ಶುರುವಾಗಲು ಯತ್ನಿಸಿ ನಿಲ್ಲುತ್ತಿದೆ ಎಂದರ್ಥ. ಮೋಟಾರು ಬಿಸಿಯಾಗಿ ಸುಟ್ಟುಹೋಗದಂತೆ ಓವರ್‌ಲೋಡ್ ಪ್ರೊಟೆಕ್ಟರ್ ಕರೆಂಟ್ ಕಡಿತಗೊಳಿಸುತ್ತದೆ. ವೋಲ್ಟೇಜ್ ಕಡಿಮೆಯಿದ್ದರೂ, ರಿಲೇ ಅಥವಾ ಕೆಪಾಸಿಟರ್ ಕೆಟ್ಟಿದ್ದರೂ ಹೀಗಾಗುತ್ತದೆ. ಮೊದಲು ಇವನ್ನು ಪರೀಕ್ಷಿಸುವಂತೆ ಮೆಕ್ಯಾನಿಕ್‌ಗೆ ಹೇಳಿ. ಇನ್ವರ್ಟರ್ ಫ್ರಿಡ್ಜ್‌ ಆದರೆ ಕಂಟ್ರೋಲ್ ಬೋರ್ಡ್ ನೋಡಬೇಕು. ಪ್ಲಗ್ ತೆಗೆದ ಬಳಿಕವೂ ಕೆಪಾಸಿಟರ್‌ನಲ್ಲಿ ವಿದ್ಯುತ್ ಉಳಿದಿರಬಹುದು, ನೀವೇ ಬಿಚ್ಚಬೇಡಿ.

ಕರೆಂಟ್ ಹೋಗಿ ಬಂದರೆ 5 ನಿಮಿಷ ಬಿಟ್ಟು ಆನ್ ಮಾಡಿ. ಕೊಳವೆಗಳಲ್ಲಿ ಗ್ಯಾಸ್‌ನ ಒತ್ತಡ ಸಮವಾಗುವವರೆಗೆ ಮೋಟಾರು ತಿರುಗಲು ಕಷ್ಟಪಡುತ್ತದೆ.

ಓಡುತ್ತಿದ್ದರೂ ತಂಪಿಲ್ಲವೇ?

ಹಿಂಬದಿಯ ಕಾಯಿಲ್‌ಗೆ ಧೂಳು ಮೆತ್ತಿದ್ದರೆ ಅಥವಾ ಫ್ರಿಡ್ಜ್ ಗೋಡೆಗೆ ಒತ್ತಿಕೊಂಡಿದ್ದರೆ ಶಾಖ ಹೊರಹೋಗದು. ಪ್ಲಗ್ ತೆಗೆದು ಬ್ರಷ್‌ನಿಂದ ಸ್ವಚ್ಛಗೊಳಿಸಿ. ಬಾಗಿಲಿನ ರಬ್ಬರ್ ಸಡಿಲವಾಗಿದೆಯೇ ನೋಡಿ. ಫ್ರಾಸ್ಟ್‌ಫ್ರೀ ಫ್ರಿಡ್ಜ್‌ನಲ್ಲಿ ಫ್ರೀಜರ್ ಮಾತ್ರ ತಂಪಾಗಿದ್ದರೆ ಫ್ಯಾನ್ ಕೆಟ್ಟಿರಬಹುದು ಇಲ್ಲವೇ ಒಳಗೆ ಐಸ್ ಕಟ್ಟಿರಬಹುದು.

ಗ್ಯಾಸ್ ಸೋರಿಕೆಯಾಗಿದ್ದರೆ ಎಚ್ಚರ. ಅನೇಕ ಹೊಸ ಫ್ರಿಡ್ಜ್‌ಗಳಲ್ಲಿರುವ ಆರ್-600ಎ ಬೆಂಕಿ ಹೊತ್ತಿಕೊಳ್ಳುವ ಅನಿಲ. ತರಬೇತಿ ಪಡೆದವರಿಂದಲೇ ರಿಪೇರಿ ಮಾಡಿಸಿ. ಸೋರಿಕೆ ಮುಚ್ಚದೆ ಗ್ಯಾಸ್ ತುಂಬಿಸಿದರೆ ಅದು ಮತ್ತೆ ಖಾಲಿಯಾಗುತ್ತದೆ.

ಕಂಪ್ರೆಸರ್ ನಿಜಕ್ಕೂ ಕೆಟ್ಟಿದ್ದರೆ ಹಳೆಯ ಬಿಲ್ ಹುಡುಕಿ. ಹಲವು ಕಂಪನಿಗಳು ಕಂಪ್ರೆಸರ್‌ಗೆ ಪ್ರತ್ಯೇಕವಾಗಿ 10 ವರ್ಷದವರೆಗೆ ವಾರಂಟಿ ನೀಡುತ್ತವೆ.