ಗೋಲಿಗೆ ಮೊದಲು ಮೂರು ಕೈ

ಭಾರತದ ಹಾಕಿ ತಂಡಕ್ಕೆ ಪೆನಾಲ್ಟಿ ಕಾರ್ನರ್ ಸಿಕ್ಕಿತೆಂದರೆ ಎಲ್ಲರ ಕಣ್ಣೂ ಆ ಎತ್ತರದ ಬ್ಯಾಕ್ ಆಟಗಾರನತ್ತ ಹೊರಳುತ್ತಿದ್ದ ಕಾಲವೊಂದಿತ್ತು. ಕೊಡಗಿನ ಹಾತೂರಿನ ವಿ.ಆರ್. ರಘುನಾಥ್ ಹಿಂದಿನ ಕಾವಲು ಬಿಟ್ಟು ನಡೆದು ಬಂದು ‘ಡಿ’ ವೃತ್ತದ ನೆತ್ತಿಯಲ್ಲಿ ನಿಲ್ಲುತ್ತಿದ್ದರು. ಮುಂದಿನ ಒಂದೆರಡು ಸೆಕೆಂಡಿನ ಕೆಲಸಕ್ಕೆ ಹೆಸರು ಡ್ರ್ಯಾಗ್ ಫ್ಲಿಕ್.

ಗೋಲುಕಂಬದಿಂದ 10 ಮೀಟರ್ ದೂರದ ಗೆರೆಯ ಮೇಲೆ ನಿಂತವನು ಚೆಂಡು ತಳ್ಳುತ್ತಾನೆ. ಅದು ಗೋಲಿನಿಂದ 14.63 ಮೀಟರ್ ದೂರದಲ್ಲಿ ಬಾಗಿರುವ ವೃತ್ತದ ಗೆರೆ ದಾಟಬೇಕು. ಅಲ್ಲೊಬ್ಬ ಸ್ಟಿಕ್ಕನ್ನು ನೆಲಕ್ಕೆ ಮಲಗಿಸಿ ಅದನ್ನು ನಿಲ್ಲಿಸುತ್ತಾನೆ. ಚೆಂಡು ಒಂದು ಗೇಣು ಪುಟಿದು ಆಚೀಚೆ ಸರಿದರೂ ಫ್ಲಿಕ್ ಮಾಡುವವನ ಹೆಜ್ಜೆಯ ಲೆಕ್ಕ ಕೆಟ್ಟಿತು. ಎಲ್ಲ ಸರಿಯಾದರೆ ಅವನು ಮಂಡಿ ಬಾಗಿಸಿ, ಎಡಗಾಲನ್ನು ಉದ್ದಕ್ಕೆ ಮುಂದೆ ಊರಿ, ಹಿಂದೆ ಉಳಿದ ಚೆಂಡನ್ನು ಸ್ಟಿಕ್ಕಿನ ಕೊಕ್ಕೆಯಲ್ಲಿ ಸೆಳೆದುಕೊಳ್ಳುತ್ತಾನೆ. ಸೊಂಟ ತಿರುಗುತ್ತದೆ, ಅದರ ಹಿಂದೆ ಭುಜ, ಕೊನೆಗೆ ಮಣಿಕಟ್ಟು. ಹೊಡೆದ ಚೆಂಡು ಗೋಲುಗೆರೆ ದಾಟುವಾಗ 460 ಮಿಲಿಮೀಟರ್‌ಗಿಂತ ಮೇಲಿರಬಾರದೆಂಬ ನಿಯಮ ಫ್ಲಿಕ್‌ಗೆ ಅನ್ವಯಿಸುವುದಿಲ್ಲ. ಹಾಗಾಗಿ 2.14 ಮೀಟರ್ ಎತ್ತರದ ಗೋಲಿನ ಯಾವ ಮೂಲೆಗಾದರೂ ಗುರಿಯಿಡಬಹುದು. ಅಷ್ಟರಲ್ಲಿ ಗೋಲುಗೆರೆಯಿಂದ ಹೊರಟ ಎದುರಾಳಿ ಮುಖಕವಚ ತೊಟ್ಟು ನೇರ ಇವನ ಮೇಲೆಯೇ ನುಗ್ಗುತ್ತಿರುತ್ತಾನೆ. ಇದರಲ್ಲಿ ಪಳಗಲು ವರ್ಷಗಳೇ ಬೇಕು. ಅದರ ಬೆಲೆಯನ್ನು ಬೆನ್ನು, ಸೊಂಟ, ಮೊಣಕಾಲು ತೆರುತ್ತವೆ.

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಇಂಥದೇ ಕಸುಬಿಗೆ ಪ್ಲೇಸ್‌ಕಿಕರ್ ಎಂಬ ಪ್ರತ್ಯೇಕ ಆಟಗಾರನಿರುತ್ತಾನೆ. ಅಲ್ಲಿಯೂ ಮೂವರ ಕೆಲಸ: ಒಬ್ಬ ಕಾಲುಗಳ ನಡುವಿನಿಂದ ಚೆಂಡನ್ನು ಹಿಂದಕ್ಕೆ ಎಸೆಯುತ್ತಾನೆ, ಇನ್ನೊಬ್ಬ ಮಂಡಿಯೂರಿ ಹಿಡಿದು ನೆಲಕ್ಕೆ ನಿಲ್ಲಿಸುತ್ತಾನೆ, ಕಿಕರ್ ಒದೆಯುತ್ತಾನೆ. ಆಡಂ ವಿನಟಿಯೇರಿ ಈ ಒಂದೇ ಕಸುಬನ್ನು ನೆಚ್ಚಿ 24 ಋತು ಆಡಿ, 2,673 ಅಂಕ ಗಳಿಸಿದರು. ಒದ್ದು ಮುಗಿಸಿದ ಕಿಕರ್ ಬೆಂಚಿಗೆ ಮರಳಬಹುದು. ರಘುನಾಥ್‌ಗೆ ಆ ಬಿಡುವಿರಲಿಲ್ಲ. ಗುರಿ ತಪ್ಪಿದರೆ ಮರುಕ್ಷಣವೇ ಹಿಂದೆ ಓಡಿ ತಮ್ಮ ಗೋಲು ಕಾಯಬೇಕು. ನನ್ನ ಮಟ್ಟಿಗೆ ಅವರ ದೊಡ್ಡತನ ಇರುವುದು ಇಲ್ಲಿಯೇ.

ಹಾಕಿ ಕೊಡಗಿನ ಮನೆಮಾತು. 1997ರಲ್ಲಿ ಪಾಂಡಂಡ ಕುಟ್ಟಪ್ಪ ಕರಡದಲ್ಲಿ ಕೊಡವ ಕುಟುಂಬಗಳ ನಡುವಿನ ಹಾಕಿ ಉತ್ಸವ ಶುರುಮಾಡಿದಾಗ 60 ಕುಟುಂಬಗಳು ಆಡಿದ್ದವು. ರಘುನಾಥ್‌ಗಿಂತ ಮುಂಚೆ ಲೆನ್ ಅಯ್ಯಪ್ಪ ಎಂಬ ಫ್ಲಿಕರ್‌ನನ್ನೂ ಈ ಜಿಲ್ಲೆ ಕೊಟ್ಟಿತ್ತು.

1988ರಲ್ಲಿ ಹುಟ್ಟಿದ ರಘುನಾಥ್ ಇನ್ನೂ ಹದಿಹರೆಯದಲ್ಲಿದ್ದಾಗ, 2005ರಲ್ಲಿ, ಭಾರತಕ್ಕೆ ಆಡಿದರು. 2007ರ ಏಷ್ಯಾ ಕಪ್ ಗೆದ್ದ ತಂಡದಲ್ಲಿದ್ದರು. ಹಾಕಿ ಇಂಡಿಯಾ ಲೀಗ್‌ನ ಮೊದಲ ಹರಾಜಿನಲ್ಲಿ ಉತ್ತರ ಪ್ರದೇಶ ತಂಡ ಅವರಿಗೆ 76,000 ಡಾಲರ್ ಕೊಟ್ಟಿತು. ಅದೇ ವರ್ಷ, 2012ರಲ್ಲಿ, ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಆಡಿದ ಎಲ್ಲ ಪಂದ್ಯಗಳನ್ನೂ ಸೋತು 12ನೇ, ಅಂದರೆ ಕಟ್ಟಕಡೆಯ ಸ್ಥಾನಕ್ಕೆ ಇಳಿದಿತ್ತು. ಆ ಸೋಲಿನ ತಂಡದಲ್ಲಿ ರಘುನಾಥ್ ಇದ್ದರು. ನಾಲ್ಕು ವರ್ಷದ ಮೇಲೆ ರಿಯೊದಲ್ಲಿ ಐರ್ಲೆಂಡ್ ಎದುರು ಮೊದಲ ಗೋಲು ಬಾರಿಸಿದವರೂ ಅವರೇ. ಭಾರತ 3-2ರಿಂದ ಗೆದ್ದಿತು. 2004ರ ನಂತರ ಒಲಿಂಪಿಕ್ಸ್ ಹಾಕಿಯಲ್ಲಿ ನಮ್ಮ ಪುರುಷರ ತಂಡಕ್ಕೆ ಸಿಕ್ಕ ಮೊದಲ ಗೆಲುವದು. ರಿಯೊದ ಆ ವರ್ಷವೇ ರಘುನಾಥ್‌ಗೆ ಅರ್ಜುನ ಪ್ರಶಸ್ತಿ ಬಂತು.

ಸ್ಕೋರ್ ಪಟ್ಟಿಯಲ್ಲಿ ಗೋಲಿನ ಎದುರು ಬರೆಯುವುದು ಫ್ಲಿಕ್ ಮಾಡಿದವನ ಹೆಸರನ್ನು ಮಾತ್ರ. ತಳ್ಳಿದವನಿಗೂ ನಿಲ್ಲಿಸಿದವನಿಗೂ ಅಲ್ಲೊಂದು ಸಾಲು ಸಿಗಬೇಕಿತ್ತು.

ಇನ್ನೊಂದು ಮಾತು ನಮ್ಮ ಕಡೆಯದು. ಈ ಕಲೆಗೆ ಚೆಂಡು ಪುಟಿಯದೆ ಜಾರುವ ಸಿಂಥೆಟಿಕ್ ಟರ್ಫ್ ಬೇಕೇ ಬೇಕು. ತುಂಗಭದ್ರೆಯ ದಡದ ದಢೇಸುಗೂರಿನಿಂದ ಸಿಂಧನೂರಿನವರೆಗೆ ಹಬ್ಬಿರುವ ಎರೆನೆಲ ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಕಾಲಿಗಂಟುತ್ತದೆ. ಅದರ ಮೇಲೆ ಕಬಡ್ಡಿ, ಕೊಕ್ಕೊ ಆಡುವ ಮಕ್ಕಳಿಗೆ ಬಾಗುವ ಮೈ ಇದೆ, ಕಸುವಿದೆ. ಅವರಲ್ಲೊಬ್ಬ ಫ್ಲಿಕರ್ ಇದ್ದಾನೆಯೇ ಎಂದು ತಿಳಿಯಬೇಕಾದರೆ ಮೊದಲು ಅವರಿಗೊಂದು ಟರ್ಫ್ ಹಾಸಿಕೊಡಬೇಕು.