ಸಾಲು ಸಾಲಿನ ನಡುವೆ

ಮೃಗಶಿರ ಮಳೆ ಹೊಯ್ದು, ಎರೆಹೊಲದ ಮೇಲ್ಮಣ್ಣು ಅಂಟು ಬಿಟ್ಟು ಹದಕ್ಕೆ ಬಂದಿದೆ. ಬೆಳಗಾವಿ ಜಿಲ್ಲೆಯ ಹಿಡಕಲ್ ಜಲಾಶಯದ ಕೆಳಗೆ, ಘಟಪ್ರಭೆಯ ಕಾಲುವೆ ಹಾಯುವ ಸೀಮೆ ಇದು. ಒಂದು ಮಗ್ಗುಲಿಗೆ ಎದೆಯೆತ್ತರದ ಕಬ್ಬು, ಇನ್ನೊಂದು ಮಗ್ಗುಲಿಗೆ ಸೋಯಾಬೀನ್ ಬಿತ್ತಲು ಹರಗಿಟ್ಟ ಹೊಲ. ಟ್ರ್ಯಾಕ್ಟರಿಗೆ ಕಟ್ಟಿದ ಕೂರಿಗೆ ಬದುವಿನ ಬಳಿ ನಿಂತಿದೆ. ಪಾನಾ ಹಿಡಿದ ಹುಡುಗ ತಾಳಿನ ಬೋಲ್ಟು ಸಡಿಲಿಸಿ ತಲೆಯೆತ್ತುತ್ತಾನೆ.

“ಕಾಕಾ, ಒಂದ್ ಫೂಟಿಗೆ ಬಿಗೀಲೇನ್ರಿ, ಒಂದೂವರಿ ಫೂಟಿಗೇನ್ರಿ?”

“ಫೂಟಿಗೆ ಬಿಗದ್ರ ಎಡಿ ಹೊಡ್ಯಾಕ ಎತ್ತು ಎಲ್ಲಿ ಕಾಲಿಡಬೇಕೋ ತಮ್ಮಾ?”

“ಎಲಿಗೆಲಿ ಕೂಡಿದ್ರ ಕಸಾನ ಏಳೂದಿಲ್ಲಲ್ರಿ.”

ಇಬ್ಬರ ಮಾತಿನಲ್ಲೂ ಹುರುಳಿದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಶಿಫಾರಸು ಸಾಲಿನಿಂದ ಸಾಲಿಗೆ 30 ಸೆಂಟಿಮೀಟರು, ಅಂದರೆ ಸುಮಾರು ಒಂದು ಫೂಟು; ಗಿಡದಿಂದ ಗಿಡಕ್ಕೆ 10. ಮಧ್ಯಪ್ರದೇಶದ ಕಡೆ 45 ಸೆಂಟಿಮೀಟರಿನ ಸಾಲು ಹೆಚ್ಚು ರೂಢಿ. ಧಾರವಾಡದ ಲೆಕ್ಕ ಹಿಡಿದರೆ ಹೆಕ್ಟೇರಿಗೆ 3.33 ಲಕ್ಷ ಗಿಡ. ಅಷ್ಟೇ ಗಿಡಗಳನ್ನು 45ರ ಸಾಲಿನಲ್ಲಿ ನಿಲ್ಲಿಸಬೇಕಾದರೆ ಗಿಡಗಿಡದ ನಡುವೆ ಏಳು ಸೆಂಟಿಮೀಟರೂ ಉಳಿಯದು. ಸಾಲು ದೂರಾದಷ್ಟೂ ಸಾಲಿನೊಳಗೆ ನೂಕುನುಗ್ಗಲು. ಬೀಜ ಅಷ್ಟೇ, ಭೂಮಿ ಅಷ್ಟೇ. ಬದಲಾಗುವುದು ಬಿಸಿಲು, ನೀರು, ಗಾಳಿಗಳ ದಾರಿ ಮಾತ್ರ.

ಪುಷ್ಯ ಮಳೆಯ ಹೊತ್ತಿಗೆ ಮಧ್ಯಾಹ್ನ ಹೊಲದಲ್ಲಿ ನಿಂತರೆ ಈ ಬದಲಾವಣೆ ಕಣ್ಣಿಗೇ ಕಾಣುತ್ತದೆ. ಒತ್ತೊತ್ತು ಸಾಲಿನ ಹೊಲದಲ್ಲಿ ಎಲೆಗಳು ಆಚೀಚೆಯಿಂದ ಬಂದು ಕೈ ಕೂಡಿಸಿವೆ. ಬಗ್ಗಿ ನೋಡಿದರೆ ಕೆಳಗೆ ಕತ್ತಲು, ತಂಪು, ತೇವದ ವಾಸನೆ. ಅಗಲ ಸಾಲಿನ ಹೊಲದಲ್ಲಿ ಹಸಿರು ಪಟ್ಟಿಯ ಮಗ್ಗುಲಿಗೆ ಇನ್ನೂ ಕರಿಮಣ್ಣಿನ ಪಟ್ಟಿ. ಅಲ್ಲಿ ಬಿಸಿಲು ನೇರ ನೆಲಕ್ಕೆ ಬೀಳುತ್ತದೆ. ನೆಲಕ್ಕೆ ಬಿದ್ದ ಬಿಸಿಲು ಕಾಳು ಕಟ್ಟುವುದಿಲ್ಲ. ತೇವ ಹೀರುತ್ತದೆ, ಜೇಕನ್ನೂ ಕಾಂಗ್ರೆಸ್ ಕಸವನ್ನೂ ಎಬ್ಬಿಸುತ್ತದೆ. ಆದರೆ ಆ ಪಟ್ಟಿಯಲ್ಲೇ ಎಡೆಕುಂಟೆ ಸಾಗುತ್ತದೆ, ಎತ್ತಿನ ಹಿಂದೆ ಕಸ ಮಗುಚಿ ಬೀಳುತ್ತದೆ, ಕುಂಟೆ ಸವರಿ ಬಿಟ್ಟ ಪುಡಿಮಣ್ಣು ಒಳಗಿನ ಹಸಿಗೆ ಮುಚ್ಚಿಗೆಯಾಗುತ್ತದೆ. ಹೂ ಬಿಡುವವರೆಗೆ ಮಾತ್ರ ಈ ಅವಕಾಶ. ಆಮೇಲೆ ಕುಂಟೆ ಹೊಡೆದರೆ ಬೇರೂ ಹೂವೂ ಹಾಳು.

ಆಶ್ಲೇಷ ಕೈಕೊಟ್ಟು ಮಘಾ ಮಳೆಯೂ ಹಿಂದೆಮುಂದೆ ನೋಡತೊಡಗಿದಾಗ ನೀರಾವರಿಯ ಬೆಲೆ ತಿಳಿಯುತ್ತದೆ. ಆಗ ಗಿಡ ಕಾಯಿ ಕಟ್ಟುವ, ಕಾಳು ತುಂಬುವ ಹಂತದಲ್ಲಿರುತ್ತದೆ. ಒಣಗಿದರೆ ಹೂ ಉದುರುತ್ತದೆ, ಕಾಳು ಸಣಕಲಾಗುತ್ತದೆ. ಸಮತಟ್ಟಾದ ಒತ್ತು ಸಾಲಿಗೆ ಕಾಲುವೆ ನೀರು ಬಿಟ್ಟರೆ ಅದು ಓಡುವುದಿಲ್ಲ, ಹರಡಿ ನಿಲ್ಲುತ್ತದೆ. ಎರೆಮಣ್ಣು ಕುಡಿದ ನೀರನ್ನು ಬೇಗ ಬಿಟ್ಟುಕೊಡುವುದಿಲ್ಲ. ಗಾಳಿ ಸಿಗದೆ ಬೇರು ಉಸಿರುಗಟ್ಟುತ್ತದೆ. ಸಾರಜನಕ ಕೂಡಿಡುವ ಬೇರಿನ ಗಂಟುಗಳು ಕೆಲಸ ನಿಲ್ಲಿಸುತ್ತವೆ. ನೀರುಂಡ ಹೊಲವೇ ಹಳದಿಗೆ ತಿರುಗುತ್ತದೆ. ಬೋದು ಏರಿಸಿದ ಅಗಲ ಸಾಲಿನಲ್ಲಿ ನೀರಿಗೆ ತನ್ನದೇ ದಾರಿಯುಂಟು. ಬೋದುಗಳ ನಡುವಿನ ಹರಿಯಲ್ಲಿ ಹರಿದು, ಮಗ್ಗುಲ ಮಣ್ಣಿಗೆ ಇಂಗಿ, ಬೇರಿಗೆ ಮುಟ್ಟುತ್ತದೆ. ಎಲೆ, ಕಾಂಡ ಒದ್ದೆಯಾಗುವುದಿಲ್ಲ.

ಕೆಲವರು ನಡುವಣ ದಾರಿ ಹಿಡಿದಿದ್ದಾರೆ. ಅಗಲವಾದ ಮಡಿ, ಅದರ ಮೇಲೆ ಫೂಟಿಗೊಂದರಂತೆ ನಾಲ್ಕು ಸಾಲು, ಎರಡೂ ಅಂಚಿಗೆ ಒಂದೊಂದು ಹರಿ. ಮಳೆ ತಪ್ಪಿದಾಗ ಅದೇ ಹರಿ ನೀರು ತರುತ್ತದೆ. ಹುಬ್ಬೆ ಮಳೆ ಒಮ್ಮೆಲೇ ಸುರಿದರೆ ಅದೇ ಹರಿ ಹೆಚ್ಚಿನ ನೀರನ್ನು ಹೊರಗೊಯ್ಯುತ್ತದೆ. ಎಲೆ ತಿನ್ನುವ ಹುಳು ಬಿದ್ದಾಗ ಬೆನ್ನಿಗೆ ಪಂಪು ಹೊತ್ತವನು ಗಿಡ ತುಳಿಯದೆ ಅದರಲ್ಲೇ ನಡೆದು ಹೋಗಬಹುದು.

ನೀರುಳ್ಳ ಹೊಲದ ಗುಣವೇ ಬೇರೆ. ನೀರು, ಎರೆಮಣ್ಣು ಎರಡೂ ಕೂಡಿದರೆ ಸೋಯಾ ಸೊಕ್ಕಿ ಬೆಳೆಯುತ್ತದೆ. 45ರ ಸಾಲನ್ನೂ ಕೆಲವು ದಿನ ತಡವಾಗಿ ತಾನೇ ಮುಚ್ಚಿಕೊಳ್ಳುತ್ತದೆ. ಹೀಗಾಗಿ ಒತ್ತು ಸಾಲಿನ ಲಾಭ ಇಲ್ಲಿ ಕಿರಿದಾಗುತ್ತದೆ, ಅದರ ತಾಪತ್ರಯ ಹಿರಿದಾಗುತ್ತದೆ. ಬಿಸಿಲಿಗಾಗಿ ಪೈಪೋಟಿಗೆ ಬಿದ್ದ ಗಿಡ ಉದ್ದುದ್ದ ಬೆಳೆದು, ಕಾಂಡ ತೆಳುವಾಗಿ, ಕಾಯಿಯ ಭಾರಕ್ಕೆ ಮಲಗುತ್ತದೆ. ಬಿತ್ತನೆ ತಡವಾದಾಗ, ತಳಿ ಗಿಡ್ಡವಾಗಿದ್ದಾಗ ಕಥೆ ತಿರುಗುಮುರುಗು. ಗಿಡ ಹರಡುವ ಮೊದಲೇ ಹೂವಿಗೆ ಬರುವುದರಿಂದ ಅಗಲ ಸಾಲು ಕೊನೆಯವರೆಗೂ ಬಯಲಾಗಿಯೇ ಉಳಿಯುತ್ತದೆ. ಅಲ್ಲಿ ಹತ್ತಿರದ ಸಾಲೇ ಗೆಲ್ಲುತ್ತದೆ.

ಇನ್ನೊಂದು ಭಯ ತುಕ್ಕುರೋಗದ್ದು. ಕೃಷ್ಣೆಯ ದಂಡೆಯ ಉಗಾರ ಖುರ್ದ ಈ ರೋಗಕ್ಕೆ ಎಷ್ಟು ಹೆಸರಾಗಿದೆಯೆಂದರೆ, ತಳಿಗಳು ತುಕ್ಕನ್ನು ತಾಳುತ್ತವೆಯೋ ಇಲ್ಲವೋ ಎಂದು ವಿಜ್ಞಾನಿಗಳು ಅಲ್ಲಿಯೇ ಬೆಳೆಸಿ ಒರೆಹಚ್ಚುತ್ತಾರೆ. ತುಕ್ಕಿನ ಕಣ ಗಾಳಿಯಲ್ಲಿ ಬರುತ್ತದೆ. ಸಾಲು ಅಗಲವೋ ಕಿರಿದೋ ಎಂದು ಅದು ಕೇಳುವುದಿಲ್ಲ. ಎಲೆ ಎಷ್ಟು ಹೊತ್ತು ಒದ್ದೆಯಾಗಿತ್ತು ಎಂಬುದೇ ಅದಕ್ಕೆ ಮುಖ್ಯ. ಎಲೆ ಕಿಕ್ಕಿರಿದ ಹೊಲದಲ್ಲಿ ಬೆಳಗಿನ ಇಬ್ಬನಿ ಬೇಗ ಆರದು. ತುಂತುರು ನೀರಾವರಿಯೂ ಸೇರಿದರೆ ರೋಗಕ್ಕೆ ಹಬ್ಬ. 1994ರಲ್ಲಿ ಬಿಡುಗಡೆಯಾಗಿ ಮನೆಮಾತಾದ ಜೆ.ಎಸ್. 335 ತಳಿ ತುಕ್ಕಿಗೆ ಸುಲಭವಾಗಿ ತುತ್ತಾಗುತ್ತದೆ. ಧಾರವಾಡದ ಡಿ.ಎಸ್.ಬಿ. 21 ಅದನ್ನು ತಡೆದುಕೊಳ್ಳುತ್ತದೆ. ಅಂದರೆ ಯಾವ ಬೀಜದ ಚೀಲ ಬಿಚ್ಚಿದೆವು ಎಂಬುದರ ಮೇಲೂ ಸಾಲನ್ನು ಎಷ್ಟು ಹತ್ತಿರ ಹಾಕಬಹುದು ಎಂಬುದು ನಿಂತಿದೆ.

ಉತ್ತರೆ ಮಳೆ ಕಳೆದು ಎಲೆ ಉದುರಿ, ಕಾಯಿ ಗಿಲಿಗಿಲಿ ಎನ್ನುವಾಗ ಕೊಯ್ಲು. ಒತ್ತಾಗಿ ನಿಂತ ಗಿಡದಲ್ಲಿ ಮೊದಲ ಕಾಯಿ ನೆಲದಿಂದ ತುಸು ಮೇಲಿರುತ್ತದೆ, ಕುಡುಗೋಲಿಗೂ ಯಂತ್ರಕ್ಕೂ ಸಲೀಸು. ಅದೇ ಬೆಳೆ ಮಲಗಿದ್ದರೆ ಕಾಳು ಮಣ್ಣಿನ ಪಾಲು. ಹತ್ತಿರ ಬಿತ್ತಿದವನಿಗೆ ಬಿಸಿಲು ಪೂರ್ತಿ ದಕ್ಕಬಹುದು, ದೂರ ಬಿತ್ತಿದವನಿಗೆ ನೀರು, ಗಾಳಿ ಹಿಡಿತಕ್ಕೆ ಸಿಗಬಹುದು. ಮಳೆಯನ್ನೇ ನಂಬಿದವನು ಮೊದಲು ಬಿಸಿಲು, ತೇವಗಳ ಲೆಕ್ಕ ಹಾಕಬೇಕು. ಕಾಲುವೆಯ ರೈತ ಮೊದಲು ನೀರು ಒಳಬರುವ, ಹೊರಹೋಗುವ ದಾರಿ ಗೊತ್ತುಮಾಡಿಕೊಂಡು ಆಮೇಲೆ ಸಾಲು ಎಣಿಸಬೇಕು.